ಆ ಜಾಕೆಟ್ ಮತ್ತೆ ಬರುವುದಿಲ್ಲ, ಆ ಕೊಡೆ ಹೋಗಿಯೇ ಇಲ್ಲ

ಜಡಿಮಳೆಯಲ್ಲಿ ಎರಡು ತಾಸು ನಡೆದು ಟೆಂಟಿನ ಬಾಗಿಲಿಗೆ ಬಂದಿದ್ದೀರಿ ಎಂದುಕೊಳ್ಳಿ. ಜಾಕೆಟ್ ಬಿಚ್ಚಿ ಒಮ್ಮೆ ಜೋರಾಗಿ ಕೊಡವುತ್ತೀರಿ. ಕೆಸುವಿನ ಎಲೆಯ ಮೇಲಿನ ನೀರಿನಂತೆ ಹನಿಗಳೆಲ್ಲ ಉದುರಿಹೋಗುತ್ತವೆ. ಮಡಚಿ ಚೀಲಕ್ಕೆ ತುರುಕಿದರೆ ಪಕ್ಕದಲ್ಲಿರುವ ಒಣ ಬಟ್ಟೆಗೆ ಒಂದು ಹನಿಯೂ ತಾಗುವುದಿಲ್ಲ. ಗೋರ್ ಕಂಪನಿ 2010ರ ದಶಕದ ನಡುವೆ ತಂದ ಶೇಕ್‌ಡ್ರೈ ಎಂಬ ಬಟ್ಟೆಯ ಗುಣವಿದು. ಅದರಲ್ಲಿ ಹೊಲಿದ ಕೆಲವು ಜಾಕೆಟ್‌ಗಳು ನೂರಿಪ್ಪತ್ತೈದು ಗ್ರಾಂ ಆಸುಪಾಸು ತೂಗುತ್ತಿದ್ದವು. ಮುಷ್ಟಿಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದಷ್ಟು. ಈಗ ಅದರ ತಯಾರಿಕೆ ನಿಂತಿದೆ. ಬಳಸಿದವರು ಮಾತ್ರ ಇನ್ನೂ ಅದರ ಜಪ ಬಿಟ್ಟಿಲ್ಲ.

ಚಾರಣಿಗರು ಒಂದೆಡೆ ಸೇರಿದರೆ ಇಂಥ ಜಪ ತಪ್ಪಿದ್ದಲ್ಲ. ಒಬ್ಬರಿಗೆ ಹಳೆಯ ಬೆನ್ನುಚೀಲ, ಮತ್ತೊಬ್ಬರಿಗೆ ಒಂದು ಸ್ಟೌ, ಇನ್ನೊಬ್ಬರಿಗೆ ಐದನೇ ಆವೃತ್ತಿಯವರೆಗೂ ಚೆನ್ನಾಗಿದ್ದು ಆರನೆಯದರಲ್ಲಿ ಕೆಟ್ಟುಹೋದ ಶೂ. ಕೊನೆಗೆ ಎಲ್ಲರೂ ಬಂದು ನಿಲ್ಲುವುದು ಒಂದೇ ಮಾತಿಗೆ: ಕಂಪನಿಯವರಿಗೆ ಬುದ್ಧಿ ಇಲ್ಲ, ಚೆನ್ನಾಗಿರುವುದನ್ನೇ ನಿಲ್ಲಿಸುತ್ತಾರೆ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ನಿಂತುಹೋದ ಒಂದೊಂದು ವಸ್ತುವಿನ ಹಿಂದೆ ಹೋಗಿ ನೋಡಿದಾಗ ಕಥೆ ಬೇರೆ ಬೇರೆಯಾಗಿ ಕಂಡಿತು. ಟೆಂಟಾಗಲಿ ಸ್ಟೌ ಆಗಲಿ ಒಬ್ಬನೇ ಮಾಡುವ ವಸ್ತುವಲ್ಲ. ನೂಲು ತೆಗೆಯುವವರು, ಬಟ್ಟೆಗೆ ಲೇಪ ಕೊಡುವವರು, ಅಚ್ಚು ಹಾಕುವವರು, ಮುಂಗಡ ಆರ್ಡರ್ ಕೊಡುವ ಅಂಗಡಿಯವರು, ಎಲ್ಲರ ತಲೆಯ ಮೇಲಿನ ಕಾನೂನು, ಹೀಗೆ ಹತ್ತಾರು ಎಳೆ ಸೇರಿದ ಹಗ್ಗ ಅದು. ಯಾವ ಎಳೆ ಕಡಿಯಿತು ಎಂದು ತಿಳಿದರೆ ಆ ವಸ್ತು ಮತ್ತೆ ಬಂದೀತೋ ಇಲ್ಲವೋ ಎಂಬುದನ್ನು ಸುಮಾರಾಗಿ ಹೇಳಿಬಿಡಬಹುದು.

ಶೇಕ್‌ಡ್ರೈನಿಂದಲೇ ಶುರುಮಾಡೋಣ. ಅದರ ಮಹಿಮೆ ತಿಳಿಯಬೇಕಾದರೆ ಮಾಮೂಲಿ ಮಳೆ ಜಾಕೆಟ್ ಎಲ್ಲಿ ಸೋಲುತ್ತದೆ ಎಂದು ನೋಡಬೇಕು. 1969ರಲ್ಲಿ ಅಮೆರಿಕದ ಬಾಬ್ ಗೋರ್ ಕಾಯಿಸಿದ ಪಿಟಿಎಫ್‌ಇ ಸರಳುಗಳನ್ನು ಎಳೆದು ಹಿಗ್ಗಿಸಲು ಹೆಣಗುತ್ತಿದ್ದರು. ನಾನ್‌ಸ್ಟಿಕ್ ಬಾಣಲೆಗೆ ಬಳಿಯುವ ಟೆಫ್ಲಾನ್ ಇದೆಯಲ್ಲ, ಅದೇ ವಸ್ತು. ನಿಧಾನವಾಗಿ ಎಳೆದಷ್ಟೂ ಸರಳು ತುಂಡಾಗುತ್ತಿತ್ತು. ರೋಸಿಹೋಗಿ ಒಮ್ಮೆ ಥಟ್ಟನೆ ಜಗ್ಗಿದರು. ತುಂಡಾಗುವ ಬದಲು ಅದು ಸುಮಾರು ಎಂಟು ಪಟ್ಟು ಹಿಗ್ಗಿತು, ಒಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳಾದವು. ಈ ರಂಧ್ರ ನೀರಿನ ಹನಿಗಿಂತ ಸುಮಾರು ಇಪ್ಪತ್ತು ಸಾವಿರ ಪಟ್ಟು ಚಿಕ್ಕದು, ನೀರಾವಿಯ ಕಣಕ್ಕಿಂತ ಸುಮಾರು ಏಳುನೂರು ಪಟ್ಟು ದೊಡ್ಡದು. ಹೊರಗಿನ ಮಳೆಗೆ ಒಳಗೆ ಬರಲು ದಾರಿಯಿಲ್ಲ, ಒಳಗಿನ ಬೆವರಿನ ಆವಿಗೆ ಹೊರಗೆ ಹೋಗಲು ದಾರಿಯುಂಟು. ಈ ತೆಳು ಪೊರೆಯೇ ಗೋರ್-ಟೆಕ್ಸ್. 1976ರಲ್ಲಿ ಸಿಯಾಟಲ್‌ನ ಅರ್ಲಿ ವಿಂಟರ್ಸ್ ಎಂಬ ಪುಟ್ಟ ಕಂಪನಿ ಮೊದಲ ಆರ್ಡರ್ ಕೊಟ್ಟಿತು.

ಪೊರೆ ಬಲು ತೆಳು, ಹಾಗೇ ತೊಟ್ಟರೆ ಉಳಿಯುವುದಿಲ್ಲ. ಅದಕ್ಕೇ ಹೊರಗೊಂದು ನೈಲಾನ್ ಬಟ್ಟೆ ಅಂಟಿಸುತ್ತಾರೆ. ಆ ನೈಲಾನ್ ನೀರು ಕುಡಿಯಬಾರದೆಂದು ಅದರ ಮೇಲೊಂದು ರಾಸಾಯನಿಕ ಲೇಪ. ಹೊಸದರಲ್ಲಿ ನೀರು ಮುತ್ತಿನಂತೆ ಜಾರುವುದು ಈ ಲೇಪದಿಂದ. ಚೀಲದ ಪಟ್ಟಿ ಉಜ್ಜಿ, ಬೆವರು ಕೊಳೆ ಮೆತ್ತಿ, ಕೆಲವು ತಿಂಗಳಲ್ಲಿ ಲೇಪ ಸವೆಯುತ್ತದೆ. ಆಮೇಲೆ ಹೊರಗಿನ ನೈಲಾನ್ ನೀರು ಹೀರಿ ಭಾರವಾಗಿ ಮೈಗೆ ಅಂಟುತ್ತದೆ. ಒಳಗಿನ ಪೊರೆ ಇನ್ನೂ ಗಟ್ಟಿಯಾಗಿಯೇ ಇರುತ್ತದೆ, ಆದರೆ ಹೊರಗೆ ನೀರಿನ ಪರದೆ ಬಿದ್ದ ಮೇಲೆ ಆವಿ ಹೋಗುವುದೆಲ್ಲಿಗೆ? ನಮ್ಮ ಬೆವರಿನಲ್ಲೇ ನಾವು ತೊಯ್ದು, ಜಾಕೆಟ್ ಸೋರುತ್ತಿದೆ ಎಂದು ದೂರುತ್ತೇವೆ.

ಶೇಕ್‌ಡ್ರೈ ಮಾಡಿದ್ದು ಇಷ್ಟೇ: ಹೊರಗಿನ ನೈಲಾನನ್ನೇ ಕಿತ್ತುಹಾಕಿತು. ಪೊರೆಯೇ ಮಳೆಗೆ ಮುಖ ಕೊಟ್ಟು ನಿಂತಿತು. ನೀರು ಕುಡಿಯುವ ಬಟ್ಟೆಯೇ ಇಲ್ಲ, ಸವೆಯುವ ಲೇಪವೂ ಇಲ್ಲ. ಇದಕ್ಕೆ ತೆತ್ತ ಬೆಲೆ ನಾಜೂಕುತನ. ಮೊದಮೊದಲು ಬಂದವನ್ನು ಭಾರದ ಬೆನ್ನುಚೀಲದ ಕೆಳಗೆ ಹಾಕಬೇಡಿ ಎಂದು ತಯಾರಕರೇ ಹೇಳುತ್ತಿದ್ದರು. ಮುಳ್ಳುಕಂಟಿಯಲ್ಲಿ ನುಗ್ಗುವವರಿಗಲ್ಲ ಅದು, ಓಟಗಾರರಿಗೆ, ಸೈಕಲ್ ಸವಾರರಿಗೆ, ಹೂವಿನ ಭಾರ ಹೊತ್ತು ನಡೆಯುವವರಿಗೆ. ಆದರೂ ಮಳೆ ಜಾಕೆಟ್ಟಿನ ಮೂಲ ರೋಗಕ್ಕೆ ನೇರವಾಗಿ ಮದ್ದು ಕೊಟ್ಟ ವಸ್ತು ನನಗೆ ತಿಳಿದ ಮಟ್ಟಿಗೆ ಅದೊಂದೇ.

ಅದನ್ನು ಮುಗಿಸಿದ್ದು ಪಿಫಾಸ್ ಎಂಬ ಮೂರಕ್ಷರ. ಇಂಗಾಲ, ಫ್ಲೋರಿನ್ ಬೆಸೆದ ರಾಸಾಯನಿಕಗಳ ದೊಡ್ಡ ಕುಟುಂಬದ ಹೆಸರದು, ಪೊರೆಯ ಪಿಟಿಎಫ್‌ಇಯೂ ಅದಕ್ಕೇ ಸೇರಿದ್ದು. ಇಂಗಾಲಕ್ಕೂ ಫ್ಲೋರಿನ್‌ಗೂ ಬೀಳುವ ಗಂಟು ರಸಾಯನಶಾಸ್ತ್ರದಲ್ಲಿ ಬಲು ಬಿಗಿಯಾದ ಗಂಟುಗಳಲ್ಲೊಂದು. ಅದನ್ನು ಬಿಸಿಲು, ಮಣ್ಣು, ಸೂಕ್ಷ್ಮಜೀವಿ ಯಾವುದೂ ಸುಲಭವಾಗಿ ಬಿಚ್ಚಲಾರದು. ನೀರು, ಎಣ್ಣೆ ಎರಡನ್ನೂ ದೂರವಿಡುವ ಶಕ್ತಿ ಬರುವುದೂ ಈ ಫ್ಲೋರಿನ್‌ನಿಂದ, ಪ್ರಕೃತಿಯಲ್ಲಿ ಕರಗದೆ ಉಳಿಯುವ ಪೀಡೆ ಬರುವುದೂ ಇದರಿಂದಲೇ. ಈ ಕುಟುಂಬದ ಕೆಲವು ಸಣ್ಣ ಅಣುಗಳು ನೀರಿನಲ್ಲಿ, ಪ್ರಾಣಿಗಳಲ್ಲಿ, ನಮ್ಮ ರಕ್ತದಲ್ಲಿ ಸಿಕ್ಕಿವೆ. ಪಿಫಾಸ್ ಗುಂಪಿನ ಪಿಎಫ್ಒಎಸ್ 2009ರಲ್ಲಿ, ಪಿಎಫ್ಒಎ 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ, ಅಂದರೆ ಪ್ರಕೃತಿಯಲ್ಲಿ ಕರಗದೆ ಉಳಿಯುವ ವಿಷಗಳನ್ನು ಹತೋಟಿಗೆ ತರುವ ಅಂತರರಾಷ್ಟ್ರೀಯ ಒಪ್ಪಂದದ, ಪಟ್ಟಿ ಸೇರಿದವು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಬೇಕೆಂದೇ ಪಿಫಾಸ್ ಬೆರೆಸಿದ ಹೊಸ ಬಟ್ಟೆಗಳನ್ನು ಮಾರುವಂತಿಲ್ಲ. ವಿಪರೀತ ಮಳೆಗೆಂದೇ ಮಾಡಿದ ಹೊರಾಂಗಣ ಉಡುಪಿಗೆ ಮಾತ್ರ, ಪಿಫಾಸ್ ಇದೆ ಎಂದು ಚೀಟಿ ಅಂಟಿಸುವ ಷರತ್ತಿನ ಮೇಲೆ, 2028ರವರೆಗೆ ರಿಯಾಯಿತಿ. ಪೊರೆಯ ಪಿಟಿಎಫ್‌ಇ ಆ ಸಣ್ಣ ಅಣುಗಳಂತೆ ಹರಿದಾಡುವುದಿಲ್ಲ ಎಂಬ ವಾದವಿದೆ, ಅದರಲ್ಲಿ ಹುರುಳೂ ಇದೆ. ಆದರೆ ಪ್ರಶ್ನೆ ತೊಟ್ಟ ಜಾಕೆಟ್ಟಿನದಷ್ಟೇ ಅಲ್ಲ, ಅದನ್ನು ತಯಾರಿಸುವಾಗ ಮತ್ತು ಕೊನೆಗೆ ಸುಡುವಾಗ ಏನು ಹೊರಬೀಳುತ್ತದೆ ಎಂಬುದೂ ಹೌದು. ಗೋರ್ 2022ರಿಂದ ಪಾಲಿಎಥಿಲೀನ್ ಆಧಾರದ ಹೊಸ ಪೊರೆಗೆ ಹೊರಳಿತು. ಹೊಸ ಪೊರೆಯ ಜಾಕೆಟ್‌ಗಳಲ್ಲಿ ಮತ್ತೆ ಹೊರಗೊಂದು ನೈಲಾನ್ ಬಟ್ಟೆ, ಅದರ ಮೇಲೆ ಫ್ಲೋರಿನ್ ಇಲ್ಲದ ಲೇಪ. ಈ ಲೇಪ ಎಣ್ಣೆಜಿಡ್ಡನ್ನು ಹಿಂದಿನಷ್ಟು ತಡೆಯದು, ಹಾಗಾಗಿ ಜಾಕೆಟನ್ನು ಆಗಾಗ ಒಗೆಯಬೇಕು. ಒಗೆದರೆ ಹಾಳಾದೀತೆಂದು ವರ್ಷಗಟ್ಟಲೆ ಒಗೆಯದೆ ಇಡುವ ನಮ್ಮ ಹಳೆಯ ಅಭ್ಯಾಸ ಇಲ್ಲಿ ತಲೆಕೆಳಗು.

ಹಾಗಾಗಿ ಶೇಕ್‌ಡ್ರೈಗಾಗಿ ಕಾಯುವವರಿಗೆ ನನ್ನ ಉತ್ತರ: ಬರುವುದಿಲ್ಲ. ಅಲ್ಲಿ ಕಡಿದದ್ದು ಕಾನೂನಿನ ಎಳೆಯಷ್ಟೇ ಅಲ್ಲ, ಮೂಲವಸ್ತುವಿನದೂ ಹೌದು.

ಆರೋಗ್ಯದ ಕಾರಣಕ್ಕೆ ಹೋದವು ಬೇರೆಯೂ ಇವೆ. ಹಳೆಯ ನಾಲ್ಜಿನ್ ಬಾಟಲಿಯ ಗಟ್ಟಿ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನಲ್ಲಿ ಬಿಪಿಎ ಎಂಬ, ಆರೋಗ್ಯಕ್ಕೆ ಒಳ್ಳೆಯದಲ್ಲವೆಂಬ ಅನುಮಾನದ ರಾಸಾಯನಿಕ ಇತ್ತು, 2008ರಲ್ಲಿ ಕಂಪನಿ ಟ್ರೈಟಾನ್ ಎಂಬ ಬೇರೆ ಪ್ಲಾಸ್ಟಿಕ್ಕಿಗೆ ಹೋಯಿತು, ಹೆಚ್ಚಿನವರಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಲಾಟೀನಿನ ಮ್ಯಾಂಟಲ್‌ನದು ಇದಕ್ಕಿಂತ ಸ್ವಾರಸ್ಯದ ಕಥೆ. ಪೆಟ್ರೋಮ್ಯಾಕ್ಸ್ ಹಚ್ಚಿದವರಿಗೆ ಗೊತ್ತು: ರೇಷ್ಮೆಚೀಲದಂಥ ಜಾಲರಿಯನ್ನು ಕಟ್ಟಿ, ಸುಟ್ಟು ಬೂದಿ ಮಾಡಿ, ಆಮೇಲೆ ಹೊತ್ತಿಸಬೇಕು. ಆ ಬೂದಿಯೇ ಬೆಳಗುವುದು. ಬಟ್ಟೆ ಉರಿದುಹೋದ ಮೇಲೆ ಉಳಿಯುವ ಬೂದಿ ಹೆಚ್ಚುಕಡಿಮೆ ಪೂರ್ತಿ ಥೋರಿಯಂ ಆಕ್ಸೈಡ್, ಜೊತೆಗೆ ನೂರಕ್ಕೊಂದು ಪಾಲಿನಷ್ಟು ಸೀರಿಯಂ. ಈ ಹದವನ್ನು ಆಸ್ಟ್ರಿಯಾದ ಆವರ್ ಫಾನ್ ವೆಲ್ಸ್‌ಬಾಕ್ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕಂಡುಹಿಡಿದಿದ್ದ. ಥೋರಿಯಂ ವಿಕಿರಣ ಸೂಸುವ ಧಾತು. ಅದರ ಅರ್ಧಾಯುಷ್ಯ ಸುಮಾರು 1400 ಕೋಟಿ ವರ್ಷ, ಅಂದರೆ ಸೂಸುವುದು ಬಲು ನಿಧಾನ. ಲಾಟೀನಿನ ಬೆಳಕಿನಲ್ಲಿ ಕುಳಿತು ಇಸ್ಪೀಟು ಆಡಿದವರಿಗೆ ಅದರಿಂದ ದೊಡ್ಡ ಅಪಾಯವೇನಿರಲಿಲ್ಲ. ಒಡೆದ ಮ್ಯಾಂಟಲ್ ಊದಿ ಅದರ ಪುಡಿ ಉಸಿರಿಗೆ ಎಳೆದುಕೊಳ್ಳುವುದು, ಕಾರ್ಖಾನೆಯಲ್ಲಿ ದಿನವಿಡೀ ಅದನ್ನೇ ಮುಟ್ಟುವುದು ಬೇರೆ ಮಾತು. ಕೋಲ್ಮನ್ ಕಂಪನಿ 1990ರ ದಶಕದಲ್ಲಿ ಥೋರಿಯಂ ಬಿಟ್ಟು ಇಟ್ರಿಯಂ ಹಿಡಿಯಿತು. ಹಳೆಯ ಮ್ಯಾಂಟಲ್ಲಿನ ಬೆಳಕೇ ಬೇರೆ ಎನ್ನುವ ಹಿರಿಯರನ್ನು ನಾನು ಕಂಡಿದ್ದೇನೆ. ಅದು ಮ್ಯಾಂಟಲ್ಲಿನ ಗುಣವೋ ಆಗಿನ ಕಣ್ಣಿನ ಗುಣವೋ ಎಂದು ವಾದಕ್ಕಿಳಿಯಲು ಹೋಗಿಲ್ಲ.

ಇನ್ನು ಸ್ಟೌ. ಇಲ್ಲಿ ಕಥೆಯ ಖಳನಾಯಕ ಒಂದು ಕವಾಟ.

ಗ್ಯಾಸ್ ಕ್ಯಾನ್‌ನೊಳಗೆ ಇರುವುದು ಒತ್ತಡದಲ್ಲಿ ದ್ರವವಾದ ಬ್ಯೂಟೇನ್, ಐಸೊಬ್ಯೂಟೇನ್, ಪ್ರೊಪೇನ್‌ಗಳ ಮಿಶ್ರಣ. ಸ್ಟೌ ಉರಿಯಬೇಕಾದರೆ ಆ ದ್ರವ ಕ್ಯಾನ್ ಒಳಗೇ ಕುದಿದು ಅನಿಲವಾಗಬೇಕು. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೂ ಕುದಿಯುತ್ತದೆ, ಐಸೊಬ್ಯೂಟೇನ್ ಮೈನಸ್ 12ರ ಹತ್ತಿರ, ಬ್ಯೂಟೇನ್ ಸೊನ್ನೆಯ ಆಸುಪಾಸಿನಲ್ಲಿ. ಹಿಮ ಬೀಳುವ ಕಡೆ ಮೊದಲು ಪ್ರೊಪೇನ್ ಎಲ್ಲ ಉರಿದುಹೋಗಿ, ಬ್ಯೂಟೇನ್ ತಳದಲ್ಲಿ ಸುಮ್ಮನೆ ಮಲಗಿಬಿಡುತ್ತದೆ. ಅಲುಗಾಡಿಸಿದರೆ ಅರ್ಧ ಕ್ಯಾನ್ ಇಂಧನ ಗುಳುಗುಳು ಎನ್ನುತ್ತದೆ, ಸ್ಟೌ ಮಾತ್ರ ಉಸಿರು ಬಿಡುತ್ತದೆ. ಕೋಲ್ಮನ್‌ನವರ ಪವರ್‌ಮ್ಯಾಕ್ಸ್ ಕ್ಯಾನ್ ಇದಕ್ಕೆ ಒಳ್ಳೆಯ ಉಪಾಯ ಮಾಡಿತ್ತು. ಅಡ್ಡ ಮಲಗಿಸಿದ ಕ್ಯಾನಿನೊಳಗೆ ಒಂದು ನಳಿಕೆ ಸದಾ ದ್ರವದಲ್ಲೇ ಮುಳುಗಿರುವಂತೆ ಇಟ್ಟು, ಅನಿಲದ ಬದಲು ದ್ರವವನ್ನೇ ಹೊರಗೆಳೆದು, ಸ್ಟೌವಿನ ಬಿಸಿ ಕೊಳವೆಯಲ್ಲಿ ಅದನ್ನು ಆವಿ ಮಾಡುತ್ತಿತ್ತು. ಪ್ರೊಪೇನ್ ಬ್ಯೂಟೇನ್ ಎರಡೂ ಒಂದೇ ಹದದಲ್ಲಿ ಕೊನೆಯವರೆಗೆ ಉರಿಯುತ್ತಿದ್ದವು. ಕ್ಯಾನ್ ಅಲ್ಯೂಮಿನಿಯಂನದು, ಖಾಲಿಯಾದ ಮೇಲೆ ತೂತು ಮಾಡಿ ಮರುಬಳಕೆಗೆ ಹಾಕಲು ಒಂದು ಚಿಕ್ಕ ಕೀಲಿಯೂ ಇತ್ತು.

ಇಷ್ಟೆಲ್ಲ ಇದ್ದೂ ಕವಾಟ ಮಾತ್ರ ಅವರದೇ. ಬೇರೆ ಯಾರ ಕ್ಯಾನೂ ಆ ಸ್ಟೌಗೆ ಕೂರುತ್ತಿರಲಿಲ್ಲ, ಆ ಕ್ಯಾನ್ ಬೇರೆ ಸ್ಟೌಗೆ ಕೂರುತ್ತಿರಲಿಲ್ಲ. ಉಳಿದ ಹೆಚ್ಚಿನ ಕಂಪನಿಗಳು ಲಿಂಡಾಲ್ ಎಂಬ ತಿರುಪಿನ ಕವಾಟಕ್ಕೆ ಒಗ್ಗಿಕೊಂಡವು, ಯುರೋಪಿನಲ್ಲಿ ಅದಕ್ಕೆ ಇಎನ್ 417 ಎಂಬ ಮಾನಕವೂ ಆಯಿತು. ಹಾಗಾಗಿ ಇಂದು ಒಂದು ಕಂಪನಿಯ ಸ್ಟೌ ಹಿಡಿದು ಇನ್ನೊಂದು ಕಂಪನಿಯ ಕ್ಯಾನ್ ಕೊಳ್ಳಬಹುದು. ಪವರ್‌ಮ್ಯಾಕ್ಸ್ ಕ್ಯಾನ್ ನಿಂತ ದಿನ, ಅದನ್ನೇ ನಂಬಿದ ಎಲ್ಲ ಸ್ಟೌಗಳೂ ಒಟ್ಟಿಗೆ ಅನಾಥವಾದವು. ಒಂದು ತಿರುಪೂ ಸಡಿಲವಾಗದ, ಕಂಗೊಳಿಸುವ ಸ್ಟೌ ಕಪಾಟಿನಲ್ಲಿದೆ, ಕುಡಿಸಲು ಹಾಲಿಲ್ಲ. ಖಾಲಿ ಕ್ಯಾನ್‌ಗಳಿಗೆ ಮನೆಯಲ್ಲೇ ಇಂಧನ ತುಂಬುವ ಸಾಹಸಿಗಳೂ ಇದ್ದಾರೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಒತ್ತಡದ ತೆಳು ಪಾತ್ರೆಯ ಕವಾಟ ಎರಡನೇ ಸಲಕ್ಕೆ ಮಾಡಿದ್ದಲ್ಲ. ಆ ಸ್ಟೌ ಮರಳಿ ಬರುವ ಅಗತ್ಯವೂ ಈಗಿಲ್ಲ. ಸಾಮಾನ್ಯ ತಿರುಪಿನ ಕ್ಯಾನನ್ನೇ ಬೋರಲು ಹಾಕಿ ದ್ರವ ಎಳೆಯುವ ಸ್ಟೌಗಳು ಸಿಗುತ್ತವೆ. ಕೊಳ್ಳುವಾಗ ಬರ್ನರ್ ಪಕ್ಕದಲ್ಲಿ ಹಾದುಹೋಗುವ ಆವಿ ಕೊಳವೆ ಇದೆಯೇ ಎಂದು ನೋಡಿ. ಅದಿಲ್ಲದ ಸ್ಟೌನಲ್ಲಿ ಕ್ಯಾನ್ ಬೋರಲು ಹಾಕಿದರೆ ಆಳೆತ್ತರ ಬೆಂಕಿ ಎದ್ದೀತು.

ಇದಕ್ಕೆ ಪಕ್ಕದಲ್ಲಿ ಸ್ವೀಡನ್ನಿನ ಟ್ರಾಂಜಿಯಾ ಸ್ಟೌ ಇಟ್ಟು ನೋಡಿ. 1951ರಿಂದ ಬರುತ್ತಿದೆ. ಗಾಳಿಗೆ ತಡೆ, ಪಾತ್ರೆ, ನಡುವೆ ಸ್ಪಿರಿಟ್ ಉರಿಯುವ ಹಿತ್ತಾಳೆಯ ಬಟ್ಟಲು. ಕವಾಟವಿಲ್ಲ, ಒತ್ತಡವಿಲ್ಲ. ಬಟ್ಟಲು ಕಳೆದರೆ ಇನ್ನೊಂದು ಬಟ್ಟಲು. ನಿಧಾನ, ಹೌದು, ನೀರು ಕುದಿಯುವಷ್ಟರಲ್ಲಿ ಊರ ಸುದ್ದಿಯೆಲ್ಲ ಮುಗಿದಿರುತ್ತದೆ. ಆದರೆ ಅದು ನಿಂತುಹೋಗಲು ಕಡಿಯಬೇಕಾದ ಎಳೆಗಳೇ ಅದರಲ್ಲಿ ಕಡಿಮೆ.

ನಮ್ಮ ಬಳಗ ಜಗತ್ತಿನ ಲೆಕ್ಕದಲ್ಲಿ ಚಿಕ್ಕದು ಎಂಬುದನ್ನು ನಾವೇ ಮರೆಯುತ್ತೇವೆ. ಎಷ್ಟೋ ಸಲ ಬೇರೆಯವರ ದೀಪದ ಬೆಳಕಿನಲ್ಲಿ ಓದಿಕೊಂಡವರು ನಾವು, ಅವರು ದೀಪ ಆರಿಸಿದರೆ ನಮಗೂ ಕತ್ತಲೆ. ಇದಕ್ಕೆ ನನ್ನ ಮೆಚ್ಚಿನ ಉದಾಹರಣೆ ಕ್ಯಾಂಪಿಂಗ್ ವಸ್ತುವೇ ಅಲ್ಲ: 35 ಮಿಮೀ ಫಿಲ್ಮ್ ರೀಲಿನ ಡಬ್ಬಿ. ಕಪ್ಪು ಮೈ, ಟಪ್ ಎಂದು ಕೂರುವ ಬೂದು ಮುಚ್ಚಳ. ಬೆಂಕಿಕಡ್ಡಿ, ಉಪ್ಪು, ಖಾರದಪುಡಿ, ಮಾತ್ರೆ, ಸೂಜಿದಾರ, ಏನು ಹಾಕಿದರೂ ಹನಿ ನೀರು ಒಳಗೆ ಹೋಗುತ್ತಿರಲಿಲ್ಲ. ಸ್ಟುಡಿಯೋದವರನ್ನು ಕೇಳಿದರೆ ಪುಕ್ಕಟೆ ಚೀಲ ತುಂಬಾ ಕೊಡುತ್ತಿದ್ದರು. ಡಿಜಿಟಲ್ ಕ್ಯಾಮೆರಾ ಬಂತು, ಡಬ್ಬಿ ಅಪರೂಪವಾಯಿತು. ಅದನ್ನು ನಿಲ್ಲಿಸಬೇಕೆಂದು ಯಾರೂ ಸಭೆ ಸೇರಿ ತೀರ್ಮಾನಿಸಲಿಲ್ಲ. ನಮಗೆ ಅದರಿಂದ ಉಪಯೋಗವಿತ್ತು ಎಂಬುದೇ ಬಹುಶಃ ಅದನ್ನು ಮಾಡುವವರಿಗೆ ಗೊತ್ತಿರಲಿಲ್ಲ.

ಹಗುರ ಟೆಂಟುಗಳ ಬಟ್ಟೆಯದೂ ಇದೇ ಜಾತಕ. ಕ್ಯೂಬೆನ್ ಫೈಬರ್ ಎಂದು ಹಳಬರು ಈಗಲೂ ಕರೆಯುವ ಬಟ್ಟೆ ಹುಟ್ಟಿದ್ದು ಹಾಯಿದೋಣಿಗಳಿಗಾಗಿ. 1992ರ ಅಮೆರಿಕಾಸ್ ಕಪ್ ಗೆದ್ದ ಅಮೆರಿಕಾ ಕ್ಯೂಬ್ಡ್ ತಂಡದಿಂದ ಆ ಹೆಸರು. ತಯಾರಿಸುತ್ತಿದ್ದ ಕ್ಯೂಬಿಕ್ ಟೆಕ್ ಕಂಪನಿಯನ್ನು 2015ರಲ್ಲಿ ಡಿಎಸ್‌ಎಂ ಕೊಂಡಿತು, ಬಟ್ಟೆಯ ಹೆಸರು ಡೈನೀಮಾ ಕಾಂಪೊಸಿಟ್ ಎಂದಾಯಿತು. 2022ರಲ್ಲಿ ಡೈನೀಮಾ ವ್ಯವಹಾರವೇ ಅವಿಯೆಂಟ್ ಕೈಗೆ ಹೋಯಿತು. ಇಂಥ ಬಟ್ಟೆಯಲ್ಲಿ ಟೆಂಟ್ ಹೊಲಿಯುವ ನಾಲ್ಕಾರು ಜನರ ಪುಟ್ಟ ಕಾರ್ಖಾನೆಗೆ ನೇಯ್ಗೆಯ ಗಿರಣಿಯ ಮೇಲೆ ಯಾವ ಹಿಡಿತವೂ ಇರುವುದಿಲ್ಲ. ಒಂದು ತೂಕದ, ಒಂದು ಬಣ್ಣದ ಬಟ್ಟೆ ಬೇಕೆಂದರೆ ಗಿರಣಿಯವರು ಕನಿಷ್ಠ ಇಷ್ಟು ಸಾವಿರ ಮೀಟರ್ ಕೊಳ್ಳಿ ಎನ್ನುತ್ತಾರೆ. ಅಷ್ಟು ಕೊಳ್ಳುವ ಶಕ್ತಿ ಇಲ್ಲದಿದ್ದರೆ ಆ ಟೆಂಟ್ ಅಲ್ಲಿಗೆ ಮುಗಿಯಿತು. ಗಿರಾಕಿಗೆ ಮಾತ್ರ ಕಾಣುವುದು ಒಂದೇ ಸಾಲು: ಈ ಉತ್ಪನ್ನ ಲಭ್ಯವಿಲ್ಲ.

ದೊಡ್ಡ ಕಂಪನಿಗಳ ಲೆಕ್ಕ ಬೇರೆ. ಅಲ್ಲಿ ಮುಂದಿನ ವರ್ಷದ ಸರಕನ್ನು ತಿಂಗಳುಗಟ್ಟಲೆ ಮೊದಲೇ ಅಂಗಡಿಯವರಿಗೆ ತೋರಿಸಿ ಆರ್ಡರ್ ಪಡೆಯುತ್ತಾರೆ. ಅಂಗಡಿಯವರಿಗೆ ಗೂಟದ ಮೇಲೆ ಜಾಗ ಕಡಿಮೆ, ಅವರಿಗೆ ಹೊಸದು ಬೇಕು. ಹತ್ತು ವರ್ಷ ಬಾಳುವ ಚೀಲವನ್ನು ಒಮ್ಮೆ ಕೊಂಡವನು ಹತ್ತು ವರ್ಷ ಅಂಗಡಿ ಕಡೆ ಮುಖ ಹಾಕುವುದಿಲ್ಲ. ನಾವು ಹೊಗಳುವ ವಸ್ತುವಿನ ಮೇಲೆ ನಾವು ಕೊನೆಯ ಸಲ ದುಡ್ಡು ಖರ್ಚು ಮಾಡಿದ್ದು ಯಾವಾಗ ಎಂದು ಕೇಳಿಕೊಂಡರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಕಂಪನಿ ಕೈಬದಲಾದಾಗ ಏನಾಗುತ್ತದೆ ಎಂಬುದಕ್ಕೆ ಡಾನಾ ಡಿಸೈನ್ ಸಾಕ್ಷಿ. ಅಮೆರಿಕದ ಮೊಂಟಾನಾದಲ್ಲಿ 1985ರಲ್ಲಿ ಡಾನಾ ಗ್ಲೀಸನ್ ಮತ್ತು ರೆನೀ ಸಿಪ್ಪೆಲ್-ಬೇಕರ್ ಆರಂಭಿಸಿದ ಕಂಪನಿ. ಅವರ ಟೆರಾಪ್ಲೇನ್ ಚೀಲ ಹೊತ್ತವರು ಅದರ ಸೊಂಟಪಟ್ಟಿಯ ಬಗ್ಗೆ ಈಗಲೂ ಹಳೆಯ ಪ್ರೇಯಸಿಯ ಬಗ್ಗೆ ಹೇಳುವಂತೆ ಹೇಳುತ್ತಾರೆ. 1995ರಲ್ಲಿ ಸ್ಕೀ ಸಾಮಾನಿನ ಕೆ2 ಕಂಪನಿ ಅದನ್ನು ಕೊಂಡಿತು. ಕೆಲ ವರ್ಷಗಳಲ್ಲಿ ಹೆಸರು ಸೊರಗಿ ಇಲ್ಲವಾಯಿತು. ಆದರೆ ಚೀಲ ಮಾಡುವ ಕೈ ಎಲ್ಲಿಗೂ ಹೋಗಿರಲಿಲ್ಲ. ಅದೇ ಇಬ್ಬರು 2000ದಲ್ಲಿ ಮಿಸ್ಟರಿ ರ‍್ಯಾಂಚ್ ಎಂಬ ಹೊಸ ಕಂಪನಿ ಕಟ್ಟಿ, ಸೈನಿಕರಿಗೆ, ಕಾಡ್ಗಿಚ್ಚು ಆರಿಸುವವರಿಗೆ, ಬೇಟೆಗಾರರಿಗೆ ಭಾರ ಹೊರುವ ಚೀಲ ಮಾಡಿದರು. 2024ರಲ್ಲಿ ಅದನ್ನೂ ಯೇಟಿ ಕಂಪನಿ ಕೊಂಡಿತು. ಮುಂದೇನಾಗುತ್ತದೋ ನೋಡಬೇಕು. ಯುರೇಕಾ ಟೆಂಟುಗಳಿಗೆ ಮಾತ್ರ ಇಂಥ ಎರಡನೇ ಜನ್ಮ ಸಿಕ್ಕಂತಿಲ್ಲ. 1895ರಲ್ಲಿ ಶುರುವಾದ, 1970ರ ದಶಕದಿಂದ ಟಿಂಬರ್‌ಲೈನ್ ಎಂಬ ಸರಳ ಇಳಿಮಾಡಿನ ಟೆಂಟನ್ನು ಸ್ಕೌಟ್ ಮಕ್ಕಳ ತಲೆಮಾರುಗಳಿಗೆ ಒದಗಿಸಿದ ಆ ಹೆಸರನ್ನು ಮಾತೃಸಂಸ್ಥೆ ಜಾನ್ಸನ್ ಔಟ್‌ಡೋರ್ಸ್ 2023ರಲ್ಲಿ ಕೈಬಿಡುವುದಾಗಿ ಹೇಳಿತು.

ಗೋಲೈಟ್‌ನ ಕೊಡೆಯದು ಇದಕ್ಕೆ ತದ್ವಿರುದ್ಧ. 1998ರಲ್ಲಿ ಹುಟ್ಟಿ ಹಗುರ ಚಾರಣದ ಹುಚ್ಚು ಹಿಡಿಸಿದ ಗೋಲೈಟ್ ಕಂಪನಿ 2014ರಲ್ಲಿ ದಿವಾಳಿಯಾಯಿತು. ಅದರ ಕ್ರೋಮ್ ಡೋಮ್ ಎಂಬ ಬೆಳ್ಳಿಬಣ್ಣದ ಕೊಡೆ ಮರುಭೂಮಿಯ ಬಿಸಿಲಲ್ಲಿ ನಡೆಯುವವರ ಪ್ರಾಣವಾಗಿತ್ತು. ಕಂಪನಿ ಮುಳುಗಿದಾಗ ಕೊಡೆಯೂ ಹೋಯಿತೆಂದು ಅತ್ತವರುಂಟು. ಅಸಲಿಗೆ ಆ ಕೊಡೆ ಮಾಡುತ್ತಿದ್ದದ್ದು ಜರ್ಮನಿಯ ಯೂರೋಶಿರ್ಮ್. ಅವರು ಅದನ್ನು ತಮ್ಮ ಸ್ವಿಂಗ್ ಲೈಟ್‌ಫ್ಲೆಕ್ಸ್ ಎಂಬ ಹೆಸರಿನಲ್ಲಿ ಮಾರುತ್ತಲೇ ಇದ್ದರು, ಬೇರೆ ಒಂದೆರಡು ಕಂಪನಿಗಳೂ ತಮ್ಮ ಚೀಟಿ ಅಂಟಿಸಿ ಮಾರಿದವು. ಇಲ್ಲಿ ಕಡಿದದ್ದು ಹೆಸರಿನ ಎಳೆ ಮಾತ್ರ. ಮೆಚ್ಚಿನ ವಸ್ತು ನಿಂತುಹೋಯಿತೆಂದು ಗೊತ್ತಾದಾಗ ನಾನು ಮೊದಲು ಮಾಡುವ ಕೆಲಸ ಇದೇ: ಮಾರುತ್ತಿದ್ದವರು ಯಾರೆಂಬುದು ಬಿಟ್ಟು, ಮಾಡುತ್ತಿದ್ದವರು ಯಾರೆಂದು ಹುಡುಕುವುದು.

ಕೆಲವಕ್ಕೆ ಕಾನೂನೂ ಅಡ್ಡಬರಲಿಲ್ಲ, ಕಂಪನಿಯೂ ಮುಳುಗಲಿಲ್ಲ. ನಡೆಯುವ ರೀತಿಯೇ ಬದಲಾಯಿತು. ಹೊರಚೌಕಟ್ಟಿನ ಬೆನ್ನುಚೀಲ ಹಾಗೆ ಸರಿದುಹೋಯಿತು. 1952ರಲ್ಲಿ ಕ್ಯಾಲಿಫೋರ್ನಿಯಾದ ಡಿಕ್ ಕೆಲ್ಟಿ ಅಲ್ಯೂಮಿನಿಯಂ ಕೊಳವೆಯ ಚೌಕಟ್ಟಿಗೆ ಚೀಲ ಕಟ್ಟಿ ಮಾರಲು ತೊಡಗಿದರು, ಸೊಂಟಪಟ್ಟಿಯಿಂದ ಭಾರ ಹೆಗಲಿನಿಂದ ಸೊಂಟಕ್ಕಿಳಿಯಿತು. 1963ರಲ್ಲಿ ಎವರೆಸ್ಟ್ ಏರಿದ ಅಮೆರಿಕನ್ನರ ಬೆನ್ನಿಗೂ ಕೆಲ್ಟಿ ಚೀಲಗಳಿದ್ದವು. ಚೌಕಟ್ಟಿಗೂ ಬೆನ್ನಿಗೂ ನಡುವೆ ಗಾಳಿಯಾಡುತ್ತಿತ್ತು, ಅಂಗಿ ಒದ್ದೆಯಾಗುತ್ತಿರಲಿಲ್ಲ. ಹೊರಗೆ ಏನನ್ನಾದರೂ ಕಟ್ಟಬಹುದಿತ್ತು, ಟೆಂಟು, ಸೌದೆ, ಕಾಲುಳುಕಿದ ಗೆಳೆಯನ ಚೀಲ. ಭಾರ ಎತ್ತರದಲ್ಲಿ ಕೂರುವುದರಿಂದ ಸಮದಾರಿಯಲ್ಲಿ ನೆಟ್ಟಗೆ ನಡೆಯಬಹುದಿತ್ತು. ಆದರೆ ಬಂಡೆ ಹತ್ತುವಾಗ ಅದೇ ಎತ್ತರದ ಭಾರ ಆಚೀಚೆ ಎಳೆದಾಡುತ್ತದೆ. 1967ರಲ್ಲಿ ಗ್ರೆಗ್ ಲೋ ಚೌಕಟ್ಟನ್ನು ಚೀಲದ ಒಳಗೆ ಸೇರಿಸಿದರು, ಚೀಲ ಬೆನ್ನಿಗೆ ಮಗುವಿನಂತೆ ಅವುಚಿಕೊಂಡಿತು. ಆಮೇಲೆ ಇಡೀ ಪೇಟೆ ಆ ಕಡೆ ವಾಲಿತು, ಬೇಟೆಯ ಭಾರ ಹೊರುವವರಲ್ಲಿ ಮಾತ್ರ ಹೊರಚೌಕಟ್ಟು ಉಳಿಯಿತು. ಇದು ಬೇಕೆನಿಸಿದರೆ ನಾಳೆಯೇ ಮರಳಿ ಬರಬಹುದಾದ ವಸ್ತು: ಅಲ್ಯೂಮಿನಿಯಂ ಕೊಳವೆ ಇದೆ, ನೈಲಾನ್ ಇದೆ, ಯಾವ ಕಾನೂನೂ ತಡೆಯುವುದಿಲ್ಲ. ಕೊಳ್ಳುವವರು ಬೇಕಷ್ಟೆ.

ಶೂಗಳ ವಿಚಾರದಲ್ಲಿ ಇನ್ನೊಂದು ಬಗೆಯ ಸಾವು. ಹೆಸರು ಉಳಿಯುತ್ತದೆ, ವಸ್ತು ಹೋಗುತ್ತದೆ. ಶೂ ಹೊಲಿಯುವುದು ಪಾದದ ಆಕಾರದ ಒಂದು ಅಚ್ಚಿನ ಮೇಲೆ. ಹೊಸ ಆವೃತ್ತಿಯಲ್ಲಿ ಆ ಅಚ್ಚು ಬೆರಳುಗಳ ಬಳಿ ನಾಲ್ಕು ಮಿಲಿಮೀಟರ್ ಕಿರಿದಾದರೂ ಸಾಕು, ಅದೇ ಹೆಸರಿನ ಶೂ ನಿಮ್ಮ ಪಾಲಿಗೆ ಪರಕೀಯ. ಪೆಟ್ಟಿಗೆಯ ಮೇಲೆ ಬರೆದಿರುವುದು ಮೊದಲಿಗಿಂತ ಉತ್ತಮ ಎಂದು. ನಿಮ್ಮ ಕಿರುಬೆರಳು ಮಾತ್ರ ಒಪ್ಪುವುದಿಲ್ಲ.

ಹೋದದ್ದೆಲ್ಲ ಅನ್ಯಾಯವಾಗಿ ಹೋಯಿತು ಎಂದೂ ಇಲ್ಲ. ಬಂಡೆ ಹತ್ತುವವರು ಬಿರುಕಿಗೆ ಹೊಡೆಯುತ್ತಿದ್ದ ಉಕ್ಕಿನ ಪಿಟಾನ್ ಮೊಳೆಗಳು ಇವಾನ್ ಶುನಾರ್ಡ್ ಅವರ ಕಂಪನಿಯ ದೊಡ್ಡ ಸಂಪಾದನೆಯಾಗಿದ್ದವು. ಹೊಡೆದು, ಕಿತ್ತು, ಮತ್ತೆ ಹೊಡೆದು, ಯೊಸೆಮಿಟಿಯ ಬಂಡೆಗಳ ಬಿರುಕುಗಳೇ ಅಗಲವಾಗತೊಡಗಿದವು. ಅದನ್ನು ಕಂಡ ಶುನಾರ್ಡ್ ಮತ್ತು ಪಾಲುದಾರ ಟಾಮ್ ಫ್ರಾಸ್ಟ್ 1970ರ ಸುಮಾರಿಗೆ ಆ ವ್ಯಾಪಾರದಿಂದ ಹಿಂದೆ ಸರಿಯಲು ತೀರ್ಮಾನಿಸಿ, ಸುತ್ತಿಗೆ ಬೇಡದ, ಕೈಯಿಂದಲೇ ಬಿರುಕಿಗೆ ಸಿಕ್ಕಿಸಿ ತೆಗೆಯಬಹುದಾದ ಅಲ್ಯೂಮಿನಿಯಂ ಬೆಣೆಗಳನ್ನು 1972ರ ಕ್ಯಾಟಲಾಗಿನಲ್ಲಿ ಮುಂದಿಟ್ಟರು. ಪಿಟಾನ್ ವಾಪಸ್ ಬರಲಿ ಎಂದು ಯಾರಾದರೂ ಹಂಬಲಿಸಿದರೆ ನಾನಂತೂ ಜೊತೆ ಸೇರುವುದಿಲ್ಲ.

ನಿಂತುಹೋದದ್ದನ್ನು ಹಳೆಯ ಸಾಮಾನಿನ ಪೇಟೆಯಲ್ಲಿ ಹುಡುಕುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು, ಏಕೆಂದರೆ ನಾನು ಪೆಟ್ಟು ತಿಂದಿದ್ದೇನೆ. ಬಹಳ ಆಸೆಪಟ್ಟಿದ್ದ ಟೆಂಟೊಂದು, ಒಮ್ಮೆಯೂ ಬಳಸದ್ದು, ಹದಿನೈದು ವರ್ಷ ಹಳೆಯದು, ಸಿಕ್ಕಿತು. ಬಿಚ್ಚಿದರೆ ಒಳಗೆಲ್ಲ ಹಲಸಿನ ಅಂಟಿನ ಹಾಗೆ ಜಿಗುಟು, ವಾಂತಿಯಂಥ ಹುಳಿ ವಾಸನೆ. ಟೆಂಟಿನ ಒಳಮೈಗೆ ಬಳಿದ ಪಾಲಿಯುರೆಥೇನ್ ಗಾಳಿಯ ತೇವದ ಜೊತೆ ನಿಧಾನವಾಗಿ ವರ್ತಿಸಿ ಕಳಚಿಕೊಳ್ಳುತ್ತದೆ. ಬೆಚ್ಚಗಿನ, ತೇವದ ಮೂಲೆಯಲ್ಲಿ ಮಡಚಿಟ್ಟಷ್ಟೂ ಬೇಗ. ಬೂಟಿನ ಅಟ್ಟೆಯ ನಡುಪದರದಲ್ಲೂ ಇದೇ ಪಾಲಿಯುರೆಥೇನ್ ಇರುತ್ತದೆ. ಹತ್ತು ವರ್ಷ ಪೆಟ್ಟಿಗೆಯಲ್ಲಿದ್ದ ಹೊಚ್ಚ ಹೊಸ ಬೂಟು ಮೊದಲ ದಿನವೇ ರಸ್ಕಿನಂತೆ ಪುಡಿಯಾಗಿ, ಅಟ್ಟೆ ಬಾಯಿ ತೆರೆದು ನಿಲ್ಲಬಹುದು. ಹಳೆಯದನ್ನು ಕೊಳ್ಳುವುದಾದರೆ ಹೆಬ್ಬೆರಳಿನಿಂದ ಅಟ್ಟೆಯ ಬದಿ ಒತ್ತಿ, ಟೆಂಟಿನ ನೆಲ ಮುಟ್ಟಿ, ಮೂಸಿ ನೋಡಿ. ಸಿಲಿಕೋನ್ ಹೀರಿಸಿದ ನೈಲಾನ್ ಇದಕ್ಕಿಂತ ಬಹಳ ಗಟ್ಟಿ. ಚೌಕಟ್ಟಿನ ಚೀಲ, ಪಾತ್ರೆ, ಹಿತ್ತಾಳೆ ಸ್ಟೌ ಇವಕ್ಕೆ ವಯಸ್ಸಾಗುವುದೇ ಬೇರೆ ರೀತಿ.

ಹಿತ್ತಾಳೆ ಸ್ಟೌ ಎಂದೆನಲ್ಲ. ಫ್ರಾನ್ಸ್ ಲಿಂಡ್‌ಕ್ವಿಸ್ಟ್ ಸ್ವೀಡನ್ನಿನಲ್ಲಿ 1892ರಲ್ಲಿ ತಂದ ಪ್ರೈಮಸ್ ಪಂಪ್ ಸ್ಟೌ ಧ್ರುವಗಳಿಗೂ ಹೋಯಿತು, 1953ರಲ್ಲಿ ಎವರೆಸ್ಟಿಗೂ ಹೋಯಿತು. ಅಂಥದೊಂದು ಹಳೆಯ ಸ್ಟೌ ಸಿಕ್ಕಿ, ಪಂಪ್ ಎಷ್ಟು ಒತ್ತಿದರೂ ಗಾಳಿ ಹಿಡಿಯದಿದ್ದರೆ ಹೆದರಬೇಕಾಗಿಲ್ಲ. ಹೆಚ್ಚಾಗಿ ಒಣಗಿರುವುದು ಪಂಪಿನ ಕಡ್ಡಿಯ ತುದಿಯ ಚರ್ಮದ ವಾಷರ್. ಅದನ್ನು ಬಿಚ್ಚಿ ಎರಡು ಹನಿ ಎಣ್ಣೆ ಹಾಕಿ ರಾತ್ರಿಯಿಡೀ ನೆನೆಯಲು ಬಿಡಿ, ಬೆಳಿಗ್ಗೆ ಬೆರಳಿನಿಂದ ಅಂಚನ್ನು ಬಟ್ಟಲಿನಂತೆ ಅರಳಿಸಿ ಕೂರಿಸಿ. ಪೂರ್ತಿ ಹರಿದಿದ್ದರೆ ಹಳೆಯ ಚರ್ಮದ ಬೆಲ್ಟಿನಿಂದ ನಾಣ್ಯದಗಲ ಒಂದು ತುಂಡು ಕತ್ತರಿಸಿಕೊಂಡರೂ ನಡೆಯುತ್ತದೆ.